ಅಪ್ಪನ ಮಾತ್ರೆ, ಅಮ್ಮನ ಮಾತ್ರೆ: ಒಂಟಾರಿಯೊದಲ್ಲಿ ಹಿರಿಯರ ಔಷಧಿ ಖರ್ಚು

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬುದು ನಮ್ಮ ಹಿರಿಯರ ಮಾತು. ಆದರೆ ಊಟವನ್ನು ಚೆನ್ನಾಗಿ ಬಲ್ಲವರಿಗೂ ವಯಸ್ಸು ಎಪ್ಪತ್ತರ ಹತ್ತಿರ ಬಂದಾಗ ಬಿ.ಪಿ., ಶುಗರ್, ಕೊಲೆಸ್ಟರಾಲ್ ಎಂಬ ಮೂವರು ಅತಿಥಿಗಳು ಹೇಳದೆ ಕೇಳದೆ ಬಂದು ಮನೆಯಲ್ಲೇ ಉಳಿದುಬಿಡುತ್ತಾರೆ. ಅವರ ಜೊತೆಗೆ ದಿನಕ್ಕೆ ನಾಲ್ಕೈದು ಮಾತ್ರೆಗಳೂ ಬರುತ್ತವೆ. ನಾರ್ತ್ ಯಾರ್ಕಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಇಂತಹ ಹಿರಿಯರು ಇಲ್ಲದ ಮನೆ ಕಡಿಮೆ. ಆ ಮಾತ್ರೆಗಳ ಖರ್ಚನ್ನು ಯಾರು ಕೊಡುತ್ತಾರೆ, ಎಷ್ಟು ಕೊಡುತ್ತಾರೆ, ಅದಕ್ಕೆ ನಾವು ಏನು ಮಾಡಬೇಕು ಎಂಬುದನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಹೀಗಾಗಿ ಔಷಧಿಯ ಗುಣದ ಬಗ್ಗೆ ನಾನು ಹೇಳುವುದಿಲ್ಲ; ನಿಯಮ ಮತ್ತು ಲೆಕ್ಕದ ಬಗ್ಗೆ ಮಾತ್ರ ಹೇಳುತ್ತೇನೆ.

ಹೆಲ್ತ್ ಕಾರ್ಡ್ ಇದ್ದರೂ ಔಷಧಿಗೆ ದುಡ್ಡೇಕೆ?

ಹೊಸದಾಗಿ ಬಂದ ಎಲ್ಲರೂ ಕೇಳುವ ಪ್ರಶ್ನೆ ಇದು. ಡಾಕ್ಟರನ್ನು ನೋಡುವುದು ಉಚಿತ, ಆಪರೇಷನ್ ಉಚಿತ, ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೊಡುವ ಔಷಧಿಯೂ ಉಚಿತ. ಹೊರಗೆ ಬಂದು ಚೀಟಿ ಹಿಡಿದು ಫಾರ್ಮಸಿಗೆ ಹೋದ ಕೂಡಲೇ ಹಣ ಕೇಳುತ್ತಾರೆ!

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ನ್ಯಾಯಮೂರ್ತಿ ಎಮೆಟ್ ಹಾಲ್ ಅವರ ಆಯೋಗ 1964ರಲ್ಲಿ ಕೊಟ್ಟ ವರದಿಯಲ್ಲಿ ವೈದ್ಯಕೀಯ ಸೇವೆಯ ಜೊತೆಗೆ ಔಷಧಿಯನ್ನೂ ಸೇರಿಸಬೇಕೆಂಬ ಸಲಹೆ ಇತ್ತು. 1966ರ ಮೆಡಿಕಲ್ ಕೇರ್ ಕಾಯಿದೆಯಲ್ಲಿ ವೈದ್ಯರ ಸೇವೆ ಸೇರಿತು, ಔಷಧಿ ಸೇರಲಿಲ್ಲ. 1984ರ ಕೆನಡಾ ಹೆಲ್ತ್ ಕಾಯಿದೆಯೂ ಆಸ್ಪತ್ರೆಯ ಹೊರಗಿನ ಔಷಧಿಯನ್ನು ಕಡ್ಡಾಯ ಮಾಡಲಿಲ್ಲ. ಆದ್ದರಿಂದ ಪ್ರತಿ ಪ್ರಾಂತ್ಯವೂ ತನ್ನದೇ ದಾರಿ ಹುಡುಕಿಕೊಂಡಿತು. ನಮ್ಮ ಒಂಟಾರಿಯೊ ಹಿಡಿದ ದಾರಿಗೆ ಒಂಟಾರಿಯೊ ಡ್ರಗ್ ಬೆನಿಫಿಟ್, ಚಿಕ್ಕದಾಗಿ ಓ.ಡಿ.ಬಿ. ಎಂದು ಹೆಸರು. 1974ರಲ್ಲಿ ಕಡಿಮೆ ಆದಾಯದವರಿಗಾಗಿ ಆರಂಭವಾದ ಈ ಯೋಜನೆ ಸ್ವಲ್ಪ ಕಾಲದಲ್ಲೇ 65 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು.

ಮೊದಲು ಹಿರಿಯರು ಏನೂ ಕೊಡಬೇಕಾಗಿರಲಿಲ್ಲ. 1996ರ ಜುಲೈನಿಂದ ಹಿರಿಯರೂ ಸ್ವಲ್ಪ ಪಾಲು ಕೊಡಬೇಕೆಂದಾಯಿತು. ಆದಾಯ ಕಡಿಮೆ ಇದ್ದವರು ಪ್ರತಿ ಔಷಧಿಗೆ ಪ್ರತಿ ಸಲ 2 ಡಾಲರಿನವರೆಗೆ ಕೊಡಬೇಕು. ಉಳಿದವರು ವರ್ಷದ ಮೊದಲ 100 ಡಾಲರನ್ನು ತಾವೇ ಭರಿಸಿ, ನಂತರ ಪ್ರತಿ ಔಷಧಿಗೆ 6.11 ಡಾಲರಿನವರೆಗೆ ಕೊಡಬೇಕು. 2016ರ ಬಜೆಟ್ಟಿನಲ್ಲಿ ಈ 100 ಡಾಲರನ್ನು 170ಕ್ಕೆ ಏರಿಸುವ ಪ್ರಸ್ತಾಪ ಬಂದಾಗ ಹಿರಿಯರಿಂದ ಬಲವಾದ ವಿರೋಧ ಎದ್ದು, ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ದನಿ ಎತ್ತಿದರೆ ಕೆಲಸವಾಗುತ್ತದೆ ಎನ್ನುವುದಕ್ಕೆ ಇದೊಂದು ಸಾಕ್ಷಿ.

ಒಂದೇ ಮನೆ, ಮೂವರು ಹಿರಿಯರು

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಫಿಂಚ್ ರಸ್ತೆಯ ಬಳಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡನ ತಂದೆಗೆ 67, ತಾಯಿಗೆ 63. ಇಬ್ಬರೂ ಮಗನ ಸ್ಪಾನ್ಸರ್‌ಶಿಪ್ಪಿನಲ್ಲಿ ಪರ್ಮನೆಂಟ್ ರೆಸಿಡೆಂಟ್ ಆಗಿ ಬಂದವರು. ಹೆಂಡತಿಯ ತಾಯಿಗೆ 71; ಸೂಪರ್ ವೀಸಾದಲ್ಲಿ ಬಂದಿದ್ದಾರೆ. ಮೂವರೂ ಒಂದೇ ಮೇಜಿನಲ್ಲಿ ಉಪ್ಪಿಟ್ಟು ತಿಂದು ಮಾತ್ರೆ ನುಂಗುತ್ತಾರೆ. ಆದರೆ ಸರ್ಕಾರದ ದೃಷ್ಟಿಯಲ್ಲಿ ಮೂವರೂ ಬೇರೆ ಬೇರೆ.

ಮೊದಲು ತಂದೆಯವರ ವಿಷಯ. ಒಂಟಾರಿಯೊದಲ್ಲಿ ವಾಸ, ಓಹಿಪ್ ಹೆಲ್ತ್ ಕಾರ್ಡ್, 65 ವರ್ಷ ಇವು ಮೂರಿದ್ದರೆ ಓ.ಡಿ.ಬಿ. ಸಿಗುತ್ತದೆ. ನಮ್ಮಲ್ಲಿ ಅನೇಕರು ವೃದ್ಧಾಪ್ಯ ಪಿಂಚಣಿಯಂತೆ ಇದಕ್ಕೂ ಹತ್ತು ವರ್ಷ ಕಾಯಬೇಕೆಂದು ತಿಳಿದಿದ್ದಾರೆ. ಹಾಗೇನೂ ಇಲ್ಲ. ಕಾಯುವ ನಿಯಮ ಪಿಂಚಣಿಗೆ, ಔಷಧಿಗಲ್ಲ. ಇಲ್ಲಿರುವಾಗಲೇ 65 ತುಂಬುವವರಿಗೆ ಹುಟ್ಟುಹಬ್ಬದ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಸೌಲಭ್ಯ ಶುರು. ಮಾರ್ಚ್ 10ಕ್ಕೆ 65 ಆದರೆ ಏಪ್ರಿಲ್ 1ರಿಂದ. ಇಲ್ಲಿ ನಮ್ಮವರದೇ ಒಂದು ತೊಡಕಿದೆ. ಊರಿನ ಶಾಲೆಯಲ್ಲಿ ಮೇಷ್ಟ್ರು ಬರೆದುಕೊಂಡ ಹುಟ್ಟಿದ ತಾರೀಕೇ ಪಾಸ್‌ಪೋರ್ಟಿಗೂ ಬಂದಿರುತ್ತದೆ. ನಿಜವಾದ ವಯಸ್ಸು ಏನೇ ಇರಲಿ, ದಾಖಲೆಯಲ್ಲಿರುವ ತಾರೀಕೇ ಲೆಕ್ಕ.

ಎರಡನೆಯದು ತಾಯಿಯವರದು. ಗಂಡನಿಗೆ 65 ಆಯಿತೆಂದು ಹೆಂಡತಿಗೆ ಓ.ಡಿ.ಬಿ. ಸಿಗುವುದಿಲ್ಲ. ಮಗನ ಕಂಪನಿಯ ವಿಮೆಯೂ ಸಾಮಾನ್ಯವಾಗಿ ಹೆಂಡತಿ ಮಕ್ಕಳಿಗೆ ಮಾತ್ರ, ತಂದೆತಾಯಿಗಲ್ಲ. ಇನ್ನು ಎರಡು ವರ್ಷ ಏನು ಮಾಡುವುದು? 1995ರಲ್ಲಿ ಆರಂಭವಾದ ಟ್ರಿಲಿಯಂ ಡ್ರಗ್ ಪ್ರೋಗ್ರಾಂ ಇಂಥವರಿಗಾಗಿಯೇ ಇದೆ. ಇದಕ್ಕೆ ವಯಸ್ಸಿನ ಮಿತಿಯಿಲ್ಲ. ಕುಟುಂಬದ ನಿವ್ವಳ ಆದಾಯದ ಸುಮಾರು ಶೇಕಡಾ 4ರಷ್ಟು ಔಷಧಿ ಖರ್ಚನ್ನು ನಾವು ಭರಿಸಬೇಕು. ಅದನ್ನು ವರ್ಷದ ನಾಲ್ಕು ಕಂತುಗಳಾಗಿ ಹಂಚುತ್ತಾರೆ. ಆ ಮೇಲಿನದಕ್ಕೆ ಪ್ರತಿ ಔಷಧಿಗೆ 2 ಡಾಲರಿನವರೆಗೆ ಕೊಟ್ಟರೆ ಸಾಕು. ಆದಾಯ ಹೆಚ್ಚಿದ್ದು ಔಷಧಿ ಅಗ್ಗವಾಗಿದ್ದರೆ ಇದರಿಂದ ಪ್ರಯೋಜನವಿಲ್ಲ. ಔಷಧಿ ದುಬಾರಿಯಾಗಿದ್ದರೆ ಇದೇ ಆಧಾರ. ಯಾರ್ಯಾರ ಆದಾಯ ಸೇರುತ್ತದೆ ಎಂಬುದನ್ನು ಅರ್ಜಿ ತುಂಬುವ ಮೊದಲೇ ಟ್ರಿಲಿಯಂನವರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಮೂರನೆಯವರು ಅತ್ತೆ. ವಯಸ್ಸು 71 ಆದರೂ ಸೂಪರ್ ವೀಸಾದವರಿಗೆ ಓಹಿಪ್ ಇಲ್ಲ, ಓಹಿಪ್ ಇಲ್ಲದ ಮೇಲೆ ಓ.ಡಿ.ಬಿ.ಯೂ ಇಲ್ಲ. ವೀಸಾಕ್ಕಾಗಿ ಕೊಂಡ ಒಂದು ಲಕ್ಷ ಡಾಲರಿನ ವಿಮೆ ಇದೆಯಲ್ಲ ಎಂದು ನೆಮ್ಮದಿಯಿಂದ ಇರುವವರು ಅದರ ಷರತ್ತುಗಳನ್ನು ಒಮ್ಮೆ ಓದಿ. ಇಂತಹ ವಿಮೆ ಸಾಮಾನ್ಯವಾಗಿ ತುರ್ತು ಚಿಕಿತ್ಸೆಗೆ, ದಿನನಿತ್ಯದ ಬಿ.ಪಿ. ಮಾತ್ರೆಗಲ್ಲ. ಊರಿನಿಂದ ಮಾತ್ರೆ ತರಬಹುದು, ಆದರೆ ಅದಕ್ಕೂ ಮಿತಿಯುಂಟು: ಸ್ವಂತ ಬಳಕೆಗೆ 90 ದಿನಗಳಿಗಾಗುವಷ್ಟು ಅಥವಾ ಒಂದು ಚಿಕಿತ್ಸೆಗೆ ಬೇಕಾದಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು, ಅಂಗಡಿಯವರು ಕೊಟ್ಟ ಪ್ಯಾಕಿನಲ್ಲೇ. ಡಬ್ಬಿಗೆ ಸುರಿದುಕೊಂಡು ಬರಬೇಡಿ. ಬೆಂಗಳೂರಿನ ಡಾಕ್ಟರ ಚೀಟಿಗೆ ಇಲ್ಲಿನ ಫಾರ್ಮಸಿಯಲ್ಲಿ ಔಷಧಿ ಕೊಡುವುದಿಲ್ಲ. ಆದ್ದರಿಂದ ಆರು ತಿಂಗಳು ಇರುವವರು ಇಲ್ಲಿನ ಡಾಕ್ಟರಿಗೆ ಹಣ ಕೊಟ್ಟು ತೋರಿಸಿ ಚೀಟಿ ಪಡೆಯುವ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಮಗನ ಸಂಬಳ ಲೆಕ್ಕಕ್ಕಿಲ್ಲ

ಮತ್ತೆ ತಂದೆಯವರ ವಿಷಯಕ್ಕೆ ಬರೋಣ. ಅವರು ಕೊಡಬೇಕಾದುದು 2 ಡಾಲರೋ, 6.11 ಡಾಲರೋ? "ನಾವು ಮಗನ ಮನೆಯಲ್ಲಿದ್ದೇವೆ, ಅವನ ಸಂಬಳ ದೊಡ್ಡದು, ನಮಗೆಲ್ಲಿ ಕೊಡುತ್ತಾರೆ" ಎನ್ನುವ ಹಿರಿಯರು ಬಹಳ. ಇದು ತಪ್ಪು ತಿಳುವಳಿಕೆ. ಹಿರಿಯರ ಈ ವಿನಾಯಿತಿಗೆ ನೋಡುವುದು ಅವರ ಮತ್ತು ಅವರ ಪತಿ ಅಥವಾ ಪತ್ನಿಯ ಆದಾಯವನ್ನು ಮಾತ್ರ. 1996ರಲ್ಲಿ ಒಂಟಿಯವರಿಗೆ 16,000, ದಂಪತಿಗೆ 24,000 ಡಾಲರ್ ಇದ್ದ ಮಿತಿ 2016ರಲ್ಲಿ 19,300 ಮತ್ತು 32,300 ಆಯಿತು; ನಂತರವೂ ಏರಿದೆ. ಹಿಂದೆ ಒಮ್ಮೆ "ಆಗುವುದಿಲ್ಲ" ಎಂದು ಕೈಬಿಟ್ಟವರು ಈ ವರ್ಷದ ಮಿತಿಯನ್ನು ಫಾರ್ಮಸಿಯಲ್ಲಿ ಕೇಳಿ ನೋಡಿ. ಆದಾಯ ತಿಳಿಯುವುದು ತೆರಿಗೆ ರಿಟರ್ನಿನಿಂದ. ಆದ್ದರಿಂದ ಆದಾಯ ಸೊನ್ನೆಯಿದ್ದರೂ ಅಪ್ಪ ಅಮ್ಮನ ರಿಟರ್ನನ್ನು ಪ್ರತಿ ವರ್ಷ ಸಲ್ಲಿಸಿ. ಇಲ್ಲಿನ ನಿವಾಸಿಗಳಾದ ಮೇಲೆ ಊರಿನ ಪಿಂಚಣಿ, ಮನೆ ಬಾಡಿಗೆಯನ್ನೂ ಅದರಲ್ಲಿ ತೋರಿಸಬೇಕೆಂಬುದು ನೆನಪಿರಲಿ.

ಒಂದು ಲೆಕ್ಕ ನೋಡೋಣ. ತಂದೆಯವರಿಗೆ ಐದು ಔಷಧಿಗಳು, ಎಲ್ಲವೂ ಓ.ಡಿ.ಬಿ. ಪಟ್ಟಿಯಲ್ಲಿವೆ ಎಂದುಕೊಳ್ಳಿ. ಓ.ಡಿ.ಬಿ. ಒಂದು ಸಲಕ್ಕೆ 100 ದಿನಗಳವರೆಗಿನ ಔಷಧಿಗೆ ಹಣ ಕೊಡುತ್ತದೆ. ವರ್ಷಕ್ಕೆ ನಾಲ್ಕು ಸಲ ತಂದರೆ 5 x 4 = 20 ಸಲ.

ಕಡಿಮೆ ಆದಾಯದ ವರ್ಗ: 20 x 2 = 40 ಡಾಲರ್.
ಹೆಚ್ಚು ಆದಾಯದ ವರ್ಗ: 100 + (20 x 6.11) = 222.20 ಡಾಲರ್.

ಇವು ಮೇಲ್ಮಿತಿಗಳು, ನಿಜವಾದ ಖರ್ಚು ಇದಕ್ಕಿಂತ ಕಡಿಮೆ ಇರಬಹುದು. ಎರಡರ ನಡುವಿನ ಅಂತರ 182.20 ಡಾಲರ್. ನಮಗೆ ಇದು ದೊಡ್ಡ ಮೊತ್ತವಲ್ಲದಿರಬಹುದು. ಸ್ವಂತ ಆದಾಯವಿಲ್ಲದ ತಾಯಿತಂದೆಗೆ ಇದು ಮಗನ ಬಳಿ ಕೈಯೊಡ್ಡಬೇಕಾದ ಹಣ. ಓ.ಡಿ.ಬಿ.ಯ ವರ್ಷ ಆಗಸ್ಟ್ 1ರಿಂದ ಜುಲೈ 31ರವರೆಗೆ. ಆಗಸ್ಟಿನಲ್ಲಿ ಬಿಲ್ಲು ಇದ್ದಕ್ಕಿದ್ದಂತೆ ಏರಿದರೆ ಗಾಬರಿ ಬೇಡ, ಹೊಸ ವರ್ಷದ 100 ಡಾಲರ್ ಶುರುವಾಗಿರುತ್ತದೆ.

ಬೆಲೆಯನ್ನೇ ಇಳಿಸುವ ದಾರಿ

ಸರ್ಕಾರ ಹಣ ಕೊಡುವುದು ಒಂದು ದಾರಿ. ಔಷಧಿಯ ಬೆಲೆಯನ್ನೇ ಇಳಿಸುವುದು ಇನ್ನೊಂದು. ಪೇಟೆಂಟ್ ಮುಗಿದ ಮೇಲೆ ಅದೇ ಔಷಧಿಯನ್ನು ಬೇರೆ ಕಂಪನಿಗಳು ತಯಾರಿಸಿದರೆ ಅದನ್ನು ಜೆನೆರಿಕ್ ಎನ್ನುತ್ತೇವೆ. ಮೂಲ ಬ್ರ್ಯಾಂಡಿನ ಬೆಲೆ 100 ಇದ್ದರೆ ಜೆನೆರಿಕ್ಕಿಗೆ 50 ಎಂದು ಒಂಟಾರಿಯೊ 2006ರ ಕಾಯಿದೆಯಲ್ಲಿ ಗೊತ್ತುಮಾಡಿತು. 2010ರಲ್ಲಿ ಅದನ್ನು 25ಕ್ಕೆ ಇಳಿಸಿತು. ಅದೇ ವರ್ಷ ಪ್ರಾಂತ್ಯಗಳು ಒಟ್ಟಾಗಿ ಚೌಕಾಸಿ ಮಾಡುವ ವ್ಯವಸ್ಥೆ ಆರಂಭವಾಯಿತು. ಅದರ ಫಲವಾಗಿ 2013ರಲ್ಲಿ ಅಟೋರ್ವಾಸ್ಟಾಟಿನ್, ಅಮ್ಲೋಡಿಪಿನ್, ರಾಮಿಪ್ರಿಲ್ ಮುಂತಾದ ಆರು ಔಷಧಿಗಳು 18ಕ್ಕೆ ಬಂದವು. 2018ರ ಏಪ್ರಿಲ್‌ನಲ್ಲಿ ಸುಮಾರು 70 ಔಷಧಿಗಳು 10 ಅಥವಾ 18ಕ್ಕೆ ಇಳಿದವು. ಇದರ ಲಾಭ ನಮ್ಮ ಅತ್ತೆಯವರಂತೆ ಕೈಯಿಂದ ಹಣ ಕೊಡುವವರಿಗೂ ಸಿಗುತ್ತದೆ. ಅಂಥವರು ಫಾರ್ಮಸಿಯ ಡಿಸ್ಪೆನ್ಸಿಂಗ್ ಫೀಯನ್ನೂ ವಿಚಾರಿಸಬೇಕು. ಅಂಗಡಿಯಿಂದ ಅಂಗಡಿಗೆ ಅದು ಬೇರೆ. ಗೋಡೆಯ ಮೇಲೆ ಪ್ರಕಟಿಸಿರುತ್ತಾರೆ.

ಊರಿನಲ್ಲಿ 2008ರಲ್ಲಿ ಆರಂಭವಾದ ಜನೌಷಧಿ ಅಂಗಡಿಗಳ ಹಿಂದಿರುವುದೂ ಇದೇ ಜೆನೆರಿಕ್ ತತ್ವ. ಪಕ್ಕದ ಅಮೆರಿಕದಲ್ಲಿ ಹಿರಿಯರ ಮೆಡಿಕೇರ್‌ಗೆ ಔಷಧಿ ಭಾಗ ಸೇರಿದ್ದು 2006ರಲ್ಲಿ. 2022ರ ಕಾಯಿದೆಯಿಂದ 2023ರಲ್ಲಿ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರಿನ ಮಿತಿ, 2025ರಲ್ಲಿ ವರ್ಷದ ಸ್ವಂತ ಖರ್ಚಿಗೆ 2,000 ಡಾಲರಿನ ಮಿತಿ ಬಂದವು. ಕೆನಡಾದ ಒಕ್ಕೂಟ ಸರ್ಕಾರ 2024ರ ಅಕ್ಟೋಬರಿನಲ್ಲಿ ಫಾರ್ಮಾಕೇರ್ ಕಾಯಿದೆ ತಂದು, ಮೊದಲ ಹಂತದಲ್ಲಿ ಸಕ್ಕರೆ ಕಾಯಿಲೆಯ ಔಷಧಿ ಹಾಗೂ ಗರ್ಭನಿರೋಧಕಗಳನ್ನು ಆರಿಸಿಕೊಂಡಿತು. 2025ರಲ್ಲಿ ಮೊದಲು ಸಹಿ ಹಾಕಿದ್ದು ಮ್ಯಾನಿಟೋಬಾ, ಬ್ರಿಟಿಷ್ ಕೊಲಂಬಿಯಾ, ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಪ್ರಾಂತ್ಯಗಳು. ಆ ಮೊದಲ ಸಾಲಿನಲ್ಲಿ ಒಂಟಾರಿಯೊ ಇರಲಿಲ್ಲ. 63ರ ನಮ್ಮ ತಾಯಿಯಂಥವರಿಗೆ ಇದು ಮುಖ್ಯವಾದ ವಿಷಯ. ಮತ ಕೇಳಲು ಬರುವ ಅಭ್ಯರ್ಥಿಗಳನ್ನು ಈ ಬಗ್ಗೆ ಕೇಳುವುದು ನಮ್ಮ ಹಕ್ಕು.

ಹೆಸರು ಬೇರೆ, ಔಷಧಿ ಒಂದೇ

ಜೆನೆರಿಕ್ ವಿಷಯದಲ್ಲಿ ಒಂದು ಎಚ್ಚರಿಕೆ. ಊರಿನ ಟೆಲ್ಮಾ ಎಂದರೆ ಇಲ್ಲಿನ ಟೆಲ್ಮಿಸಾರ್ಟನ್. ಊರಿನ ಡೋಲೋ ಎಂದರೆ ಪ್ಯಾರಸಿಟಮಾಲ್. ಅದನ್ನೇ ಇಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ, ಟೈಲೆನಾಲ್‌ನಲ್ಲಿರುವುದೂ ಅದೇ. ಸೂಟ್‌ಕೇಸಿನಲ್ಲಿ ಬಂದ ಮಾತ್ರೆ ಒಂದು, ಫಾರ್ಮಸಿಯಲ್ಲಿ ಕೊಟ್ಟದ್ದು ಇನ್ನೊಂದು ಎಂದುಕೊಂಡು ಎರಡನ್ನೂ ನುಂಗಿದರೆ ಡೋಸ್ ಎರಡರಷ್ಟಾಗುತ್ತದೆ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಫಾರ್ಮಸಿಸ್ಟರಿಗೆ ತೋರಿಸಿ.

ಊರಿಗೆ ಹೋಗುವ ಮುನ್ನ

ಚಳಿಗಾಲದಲ್ಲಿ ಮೈಸೂರು, ಬೆಂಗಳೂರಿಗೆ ಹೋಗುವ ಹಿರಿಯರು 100 ದಿನಕ್ಕಿಂತ ಹೆಚ್ಚು ಕಾಲ ಪ್ರಾಂತ್ಯದ ಹೊರಗಿರುವುದಾದರೆ ಇನ್ನೂ 100 ದಿನಗಳ, ಅಂದರೆ ಒಟ್ಟು 200 ದಿನಗಳವರೆಗಿನ ಔಷಧಿಯನ್ನು ಮುಂಚಿತವಾಗಿ ಪಡೆಯಬಹುದು. ಪ್ರಯಾಣದ ಬಗ್ಗೆ ಸಹಿ ಮಾಡಿದ ಪತ್ರ ಅಥವಾ ಪ್ರಯಾಣ ವಿಮೆಯ ಪ್ರತಿ ಕೊಡಬೇಕು. ಓಹಿಪ್ ಉಳಿಯಲು ಯಾವುದೇ 12 ತಿಂಗಳಲ್ಲಿ 153 ದಿನ ಒಂಟಾರಿಯೊದಲ್ಲಿ ಇರಬೇಕೆಂಬ ನಿಯಮವನ್ನೂ ಮರೆಯಬಾರದು. ಓಹಿಪ್ ಹೋದರೆ ಓ.ಡಿ.ಬಿ.ಯೂ ಹೋಯಿತು.

ಈ ವಾರ ಮಾಡಬಹುದಾದ ಐದು ಕೆಲಸಗಳು

1. ಮನೆಯ ಪ್ರತಿ ಹಿರಿಯರ ಹೆಸರು, ದಾಖಲೆಯ ಹುಟ್ಟಿದ ತಾರೀಕು, ವೀಸಾ ಅಥವಾ ಪಿ.ಆರ್. ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾರಿಗೆ ಯಾವ ದಾರಿ ಎಂಬುದು ಅದರಿಂದಲೇ ಮುಕ್ಕಾಲುಪಾಲು ತಿಳಿಯುತ್ತದೆ.
2. 65 ದಾಟಿದವರು 2 ಡಾಲರಿನ ವರ್ಗದಲ್ಲಿ ಇದ್ದಾರೆಯೇ ಎಂದು ಫಾರ್ಮಸಿಯಲ್ಲಿ ವಿಚಾರಿಸಿ. ಅರ್ಹತೆಯಿದ್ದೂ ಇಲ್ಲದಿದ್ದರೆ ಅಲ್ಲೇ ಅರ್ಜಿ ಕೇಳಿ.
3. ದೀರ್ಘಕಾಲದ ಮಾತ್ರೆಗಳಿಗೆ 100 ದಿನದ ಚೀಟಿ ಬರೆಯಬಹುದೇ ಎಂದು ಡಾಕ್ಟರನ್ನು ಕೇಳಿ.
4. ಔಷಧಿ ಪಟ್ಟಿಯಲ್ಲಿಲ್ಲ ಎಂದರೆ ಸುಮ್ಮನೆ ಹಣ ಕಟ್ಟಿ ಬರಬೇಡಿ. ಪಟ್ಟಿಯಲ್ಲಿರುವ ಸಮಾನ ಔಷಧಿ ಇದೆಯೇ, ಇಲ್ಲವಾದರೆ ಎಕ್ಸೆಪ್ಷನಲ್ ಆಕ್ಸೆಸ್ ಪ್ರೋಗ್ರಾಂಗೆ ಡಾಕ್ಟರು ಅರ್ಜಿ ಹಾಕಬಹುದೇ ಎಂದು ಕೇಳಿ.
5. 65ರೊಳಗಿನವರಿಗೆ ಟ್ರಿಲಿಯಂ ಲಾಭವೇ ಎಂದು ಶೇಕಡಾ 4ರ ಲೆಕ್ಕ ಹಾಕಿ ನೋಡಿ.

ಕೊನೆಯದಾಗಿ ಒಂದು ಮಾತು. ನಮ್ಮ ಹಿರಿಯರು ಬಾಯಿಬಿಟ್ಟು ಕೇಳುವವರಲ್ಲ. ಮಗನಿಗೆ, ಸೊಸೆಗೆ, ಅಳಿಯನಿಗೆ ಭಾರವಾಗಬಾರದೆಂದು ಮಾತ್ರೆಯನ್ನು ಅರ್ಧ ಮಾಡಿ ನುಂಗುವವರು, ದಿನ ಬಿಟ್ಟು ದಿನ ತೆಗೆದುಕೊಳ್ಳುವವರು ನಮ್ಮ ನಡುವೆಯೇ ಇದ್ದಾರೆ. ಬಿ.ಪಿ. ಮಾತ್ರೆಯಲ್ಲಿ ಉಳಿಸಿದ ಕೆಲವು ಡಾಲರುಗಳಿಗೆ ಪಾರ್ಶ್ವವಾಯುವಿನ ರೂಪದಲ್ಲಿ ಬೆಲೆ ತೆರಬೇಕಾಗಬಹುದು. ಸರ್ಕಾರದ ಯೋಜನೆಗಳು ಎಷ್ಟೇ ಚೆನ್ನಾಗಿದ್ದರೂ ಅವು ತಾವಾಗಿ ಹಿರಿಯರ ಕೋಣೆಯ ಬಾಗಿಲು ತಟ್ಟಿ "ಮಾತ್ರೆ ಇದೆಯೇ" ಎಂದು ಕೇಳುವುದಿಲ್ಲ. ಆ ಪ್ರಶ್ನೆ ಕೇಳಬೇಕಾದವರು ನಾವು. ಈ ಸಂಚಿಕೆಯನ್ನು ಮಡಚಿಡುವ ಮೊದಲು ಅಪ್ಪ, ಅಮ್ಮ, ಅತ್ತೆ, ಮಾವನವರ ಮಾತ್ರೆ ಡಬ್ಬಿಯನ್ನು ಅವರ ಜೊತೆ ಕುಳಿತು ಒಮ್ಮೆ ನೋಡಿ. ಎಲ್ಲ ಹಿರಿಯರಿಗೂ ಆರೋಗ್ಯ, ನೆಮ್ಮದಿ ದೊರೆಯಲಿ.