ಸಿಲಿಂಡರಿಗೆ ಎಷ್ಟು, ಪ್ಲಗ್ಗಿಗೆ ಎಷ್ಟು?

ಮೋಟರ್‌ಹೋಮ್ ಇಟ್ಟುಕೊಂಡು ಇಂಗ್ಲೆಂಡ್ ಸುತ್ತುವ ನಮ್ಮವರು ನಾಲ್ವರು ಸೇರಿದರೆ ಈಗ ಇದೇ ಮಾತು: ಗ್ಯಾಸ್ ಒಲೆ ತೆಗೆಸಿ ಇಂಡಕ್ಷನ್ ಹಾಕಿಸೋಣವೇ? ಕರೆಂಟು ಅಗ್ಗ ಅನ್ನುವವರು ಒಂದು ಕಡೆ, ಗ್ಯಾಸಿಲ್ಲದ ಅಡುಗೆ ಅಡುಗೆಯೇ ಅಲ್ಲ ಅನ್ನುವವರು ಇನ್ನೊಂದು ಕಡೆ. ನಾನೂ ನನ್ನ ಹೆಂಡತಿಯೂ ಎರಡರಲ್ಲೂ ಬೇಯಿಸಿಕೊಂಡು ತಿರುಗಿದವರು. ರಸೀದಿ ಎಸೆಯುವ ಅಭ್ಯಾಸ ನನಗಿಲ್ಲವಾದ್ದರಿಂದ ಲೆಕ್ಕ ಕೈಯಲ್ಲಿದೆ.

ಊರಿನ ಲೆಕ್ಕವನ್ನು ಮೊದಲು ತಲೆಯಿಂದ ತೆಗೆದುಹಾಕಿ. 2025ರಲ್ಲಿ ಬೆಂಗಳೂರಿನಲ್ಲಿ 14.2 ಕೆ.ಜಿ. ಸಿಲಿಂಡರಿಗೆ 850 ರೂಪಾಯಿ ಆಸುಪಾಸು ಕೊಡುತ್ತಿದ್ದರು. ಇಲ್ಲಿ ವ್ಯಾನಿನ ಗೂಡಿಗೆ ಹಿಡಿಸುವ 6 ಕೆ.ಜಿ. ಪ್ರೊಪೇನ್ ಬದಲಾಯಿಸಿಕೊಳ್ಳಲು ನಾನು ಕೊಡುವುದು ಸುಮಾರು 35 ಪೌಂಡ್, ಅಂದರೆ ನಾಲ್ಕು ಸಾವಿರ ರೂಪಾಯಿ. ಅದರೊಳಗಿರುವ ಶಾಖ ಸುಮಾರು 80 ಯೂನಿಟ್ ಕರೆಂಟಿಗೆ ಸಮ. ಉರಿಯ ಅರ್ಧಕ್ಕಿಂತ ಹೆಚ್ಚು ಪಾತ್ರೆಯ ಸುತ್ತ ಹೊರಟುಹೋಗುತ್ತದೆ, ಪಾತ್ರೆಗೆ ತಲುಪುವುದು ಮೂವತ್ತು ಚಿಲ್ಲರೆ ಯೂನಿಟ್. ಹಾಗೆ ನೋಡಿದರೆ ಪಾತ್ರೆಗೆ ಬಿದ್ದ ಒಂದು ಯೂನಿಟ್ ಶಾಖಕ್ಕೆ ಒಂದು ಪೌಂಡಿಗೂ ಮೇಲೆ. ಮನೆಯ ಕರೆಂಟು 2025ರಲ್ಲಿ ಯೂನಿಟ್ಟಿಗೆ 26 ಪೆನ್ಸ್ ಹತ್ತಿರ ಇತ್ತು. ಇಂಡಕ್ಷನ್ ಒಲೆ ಅದರಲ್ಲಿ ನೂರಕ್ಕೆ ಎಂಬತ್ತು ಪಾಲನ್ನಾದರೂ ಪಾತ್ರೆಗೆ ದಾಟಿಸುತ್ತದೆ. ಅಲ್ಲಿಗೆ 32 ಪೆನ್ಸ್.

ಮೂರು ಪಟ್ಟು ವ್ಯತ್ಯಾಸ! ಇಷ್ಟು ಕೇಳಿಯೇ ಜನ ಒಲೆ ಕೀಳಲು ಹೊರಡುತ್ತಾರೆ.

ಆದರೆ ಇಬ್ಬರ ಅಡುಗೆಗೆ ದಿನಕ್ಕೆ ಬೇಕಾಗುವುದೆಷ್ಟು? ಬೆಳಿಗ್ಗೆ ಉಪ್ಪಿಟ್ಟು, ಮೂರು ನಾಲ್ಕು ಸಲ ಚಹಾ, ರಾತ್ರಿ ಕುಕ್ಕರಿನಲ್ಲಿ ಅನ್ನ, ಬೇಳೆ, ಒಂದು ಪಲ್ಯ. ಎಲ್ಲ ಸೇರಿ ಪಾತ್ರೆಗೆ ಬೀಳಬೇಕಾದ ಶಾಖ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು. ಗ್ಯಾಸಿನಲ್ಲಾದರೆ 65 ಪೆನ್ಸ್, ಕರೆಂಟಿನಲ್ಲಾದರೆ 20. ದಿನದ ಉಳಿತಾಯ 45 ಪೆನ್ಸ್. ಕ್ಯಾಂಪ್‌ಸೈಟಿನಲ್ಲಿ ಹುಕ್-ಅಪ್ (ಗಾಡಿಗೆ ಕರೆಂಟು ಕೊಡುವ ಪ್ಲಗ್) ಇರುವ ಜಾಗಕ್ಕೆ, ಇಲ್ಲದ ಜಾಗಕ್ಕಿಂತ ರಾತ್ರಿಗೆ ಐದು ಪೌಂಡ್ ಹೆಚ್ಚು ಕೇಳುವುದು ಸಾಮಾನ್ಯ. 45 ಪೆನ್ಸ್ ಉಳಿಸಲು ಐದು ಪೌಂಡ್ ಕೊಡುವುದು ಯಾವ ಜಾಣತನ? ಬರೀ ಅಡುಗೆಗಾಗಿ ಹುಕ್-ಅಪ್ ತೆಗೆದುಕೊಳ್ಳಬೇಡಿ. ಬೇಸಿಗೆಯಲ್ಲಿ ರೈತರ ಜಮೀನಿನಲ್ಲಿರುವ, ಐದೇ ಗಾಡಿಗಳಿಗೆ ಜಾಗವಿರುವ ಸಣ್ಣ ಸಿ.ಎಲ್. ತಾಣಗಳಲ್ಲಿ ಕರೆಂಟಿಲ್ಲದ ಜಾಗ ಹಿಡಿದು ಗ್ಯಾಸಿನಲ್ಲೇ ಬೇಯಿಸಿಕೊಳ್ಳುವುದು ಈಗಲೂ ಲಾಭ.

ಚಳಿಗಾಲದ ಮಾತು ಬೇರೆ. ಹೀಟರಿಗೆ ಹೇಗೂ ಪ್ಲಗ್ ಬೇಕು. ದುಡ್ಡು ಕೊಟ್ಟಾಯಿತು, ಆಮೇಲೆ ಗ್ಯಾಸ್ ತಿರುಗಿಸುವುದು ದಂಡ. ನೀಲಿ ಸಿಲಿಂಡರಿನ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗಲು ಮುಷ್ಕರ ಹೂಡುತ್ತದೆ, ಕೆಂಪು ಸಿಲಿಂಡರಿನ ಪ್ರೊಪೇನಿಗೆ ಆ ತಕರಾರಿಲ್ಲ. ಗ್ಯಾಸ್ ಉರಿದಾಗ ಹೊರಬೀಳುವ ನೀರಾವಿ ಕಿಟಕಿಯ ಮೇಲೆ ಹನಿಯಾಗಿ ಇಳಿಯುವುದೂ ಇಂಡಕ್ಷನ್ನಿನಲ್ಲಿ ತಪ್ಪುತ್ತದೆ, ಕಾರ್ಬನ್ ಮೊನಾಕ್ಸೈಡಿನ ಭಯವೂ.

ಮೀಟರ್ ಇರುವ ಸೈಟಿನಲ್ಲಿ ಮಾತ್ರ ದರ ಕೇಳಿಯೇ ಪ್ಲಗ್ ಹಾಕಿ.

ಖರ್ಚು ನಿಜವಾಗಿ ಮೇಲೇಳುವುದು ಬ್ಯಾಟರಿಯಲ್ಲಿ. ಹುಕ್-ಅಪ್ಪೇ ಬೇಡ, ಲಿಥಿಯಂ ಬ್ಯಾಟರಿಯಲ್ಲೇ ಅಡುಗೆ ಮಾಡೋಣ ಅನ್ನುವ ಹುಮ್ಮಸ್ಸು ಈಗ ಜೋರಾಗಿದೆ. 100 ಆಂಪ್-ಅವರ್ ಬ್ಯಾಟರಿಯೊಂದರಲ್ಲಿ ಇರುವುದು ಒಂದೂಕಾಲು ಯೂನಿಟ್ ಚಿಲ್ಲರೆ. ಇನ್ವರ್ಟರ್ ತಿನ್ನುವುದು ಕಳೆದರೆ ಒಂದು ದಿನದ ಅಡುಗೆ, ತುಸು ದೀಪ. 2000 ವಾಟ್ ಒಲೆಗೆ 12 ವೋಲ್ಟ್ ಬ್ಯಾಟರಿಯಿಂದ 165 ಆಂಪ್ ಮೀರಿ ಎಳೆಯಬೇಕು, ಅದಕ್ಕೆ ಬೆರಳು ಗಾತ್ರದ ಕೇಬಲ್, ಫ್ಯೂಸ್, ಗೊತ್ತಿರುವ ಎಲೆಕ್ಟ್ರಿಷಿಯನ್ ಬೇಕು. ಗಾಡಿ ಓಡುವಾಗ 30 ಆಂಪ್ ಚಾರ್ಜರ್ ತುಂಬುವುದು ಗಂಟೆಗೆ 400 ವಾಟ್-ಅವರ್ ಮಾತ್ರ. ಡಿಸೆಂಬರಿನ ಇಂಗ್ಲೆಂಡಿನಲ್ಲಿ 100 ವಾಟ್ ಸೋಲಾರ್ ಫಲಕ ದಿನಕ್ಕೆ ಒಂದು ಲೀಟರ್ ನೀರು ಕುದಿಸುವಷ್ಟು ಕೊಟ್ಟರೆ ಪುಣ್ಯ. ಎರಡು ಬ್ಯಾಟರಿ, ಇನ್ವರ್ಟರ್, ಚಾರ್ಜರ್, ಕೂಲಿ ಸೇರಿ ನನಗೆ ಬಂದ ಅಂದಾಜು ಪಟ್ಟಿ 1500 ಪೌಂಡ್ ದಾಟಿತ್ತು. ಆ ಕರೆಂಟು ಪೂರ್ತಿ ಪುಕ್ಕಟೆ, ಗ್ಯಾಸಿನ 65 ಪೆನ್ಸೂ ಉಳಿಯಿತು ಎಂದೇ ಹಿಡಿದರೂ ಅಸಲು ಹುಟ್ಟಲು 2300 ದಿನ ಬೇಕು. ವರ್ಷಕ್ಕೆ 50 ರಾತ್ರಿ ಹೊರಗಿರುವವರಿಗೆ ಅದು ನಲವತ್ತಾರು ವರ್ಷ. ಅಷ್ಟರಲ್ಲಿ ಬ್ಯಾಟರಿಯೂ ಇರುವುದಿಲ್ಲ, ಗಾಡಿಯೂ ಇರುವುದಿಲ್ಲ, ನನ್ನ ವಯಸ್ಸಿನವರ ಮಾತು ಬಿಡಿ. ಮೂಗಿಗಿಂತ ಮೂಗುತಿ ಭಾರ. ಗಾಡಿಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವವರು ಬೇರೆ ಕಾರಣಕ್ಕೆ ಬ್ಯಾಟರಿ ಹಾಕಿಸಿದ್ದರೆ ಅದರಲ್ಲಿ ಚಹಾ ಕಾಯಿಸಿಕೊಳ್ಳಲಿ, ಬೇಡ ಅನ್ನುವುದಿಲ್ಲ.

ಆ ದುಡ್ಡಿನಲ್ಲಿ ಒಂದು ಪಾಲು ಕೈಯಲ್ಲಿದ್ದರೆ ಮತ್ತೆ ಮತ್ತೆ ತುಂಬಿಸಬಹುದಾದ ಸಿಲಿಂಡರ್ ಹಾಕಿಸಬಹುದು. ಆಟೋಗ್ಯಾಸ್ ಪಂಪಿನಲ್ಲಿ ತುಂಬಿಸಿದರೆ ಗ್ಯಾಸಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಂಥ ಪಂಪುಗಳು ಬ್ರಿಟನ್ನಿನಲ್ಲಿ ಕಡಿಮೆಯಾಗುತ್ತಿವೆ, ನಿಮ್ಮ ದಾರಿಯಲ್ಲಿ ಎಲ್ಲಿವೆ ನೋಡಿಕೊಳ್ಳಿ.

ನಾವು ಖರ್ಚು ಮಾಡಿದ್ದು ಮೂರಕ್ಕೆ: ಪ್ಲಗ್ ಹಾಕುವ ಒಂಟಿ ಇಂಡಕ್ಷನ್ ಒಲೆ, 900 ವಾಟಿನ ಸಣ್ಣ ಕೆಟಲ್, ಇಂಡಕ್ಷನ್ ತಳದ ಮೂರು ಲೀಟರ್ ಕುಕ್ಕರ್. ಊರಿನಿಂದ ತಂದ ಅಲ್ಯೂಮಿನಿಯಂ ಕುಕ್ಕರನ್ನು ಈ ಒಲೆ ಗುರುತೇ ಹಿಡಿಯುವುದಿಲ್ಲ. ಎಲ್ಲ ಸೇರಿ ನೂರು ಪೌಂಡಿನೊಳಗೆ ಮುಗಿಯಿತು. ಗ್ಯಾಸ್ ಒಲೆ ಇದ್ದಲ್ಲೇ ಇದೆ. ಹಪ್ಪಳ ಸುಡುವುದಕ್ಕೆ, ಗೊಜ್ಜಿನ ಬದನೆಕಾಯಿ ಸುಡುವುದಕ್ಕೆ ಉರಿಯೇ ಬೇಕು, ಅದಕ್ಕೆ ಲೆಕ್ಕಪತ್ರ ತೋರಿಸಿ ಪ್ರಯೋಜನವಿಲ್ಲ.

ಉಪಕರಣ ಕೊಳ್ಳುವಾಗ ವಾಟ್ ಓದಿ. ಬ್ರಿಟನ್ನಿನ ಸೈಟುಗಳಲ್ಲಿ 16 ಅಥವಾ 10 ಆಂಪ್ ಸಿಗುತ್ತದೆ. 10 ಆಂಪ್ ಅಂದರೆ 2300 ವಾಟ್. ಹೀಟರ್ 900 ವಾಟ್ ತೆಗೆದುಕೊಳ್ಳುತ್ತಿದ್ದರೆ, ಫ್ರಿಜ್ಜು, ಬ್ಯಾಟರಿ ಚಾರ್ಜರ್ ಕಳೆದು ಒಲೆಗೆ ಉಳಿಯುವುದು ಸಾವಿರ ವಾಟ್ ಮಾತ್ರ. ಮನೆಯ 3000 ವಾಟ್ ಕೆಟಲ್ ಹಾಕಿದರೆ ಟ್ರಿಪ್ ಆಗಿ ಕತ್ತಲು. 800 ವಾಟ್ ಮೈಕ್ರೋವೇವ್ ಅಂದರೆ ಗೋಡೆಯಿಂದ ಎಳೆಯುವುದು 1200ರ ಹತ್ತಿರ, 800 ಅನ್ನುವುದು ಅಡುಗೆಗೆ ಬೀಳುವ ಲೆಕ್ಕ. ಹುಕ್-ಅಪ್ ಕೇಬಲನ್ನು ಸುರುಳಿ ಸುತ್ತಿದ ಹಾಗೇ ಬಿಟ್ಟು ಒಲೆ ಹಚ್ಚಬೇಡಿ, ಬಿಸಿಯಾಗಿ ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಿ.

ಫ್ರಾನ್ಸಿಗೆ ಹೋಗುವವರು ಜಾಗ ಬುಕ್ ಮಾಡುವಾಗಲೇ ಎಷ್ಟು ಆಂಪ್ ಎಂದು ಕೇಳಿ. ಅಲ್ಲಿ 6 ಆಂಪಿನ ಜಾಗಗಳು ಬಹಳ, ಅಂದರೆ ನಿಮಗೆ ಸಿಗುವುದು 1380 ವಾಟ್. 10 ಆಂಪಿಗೆ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ, 6ರಲ್ಲೇ ಕುಕ್ಕರ್ ಕೂಗುತ್ತದೆ. ಹೀಟರನ್ನು ಆ ಅರ್ಧ ಗಂಟೆ ಆರಿಸಿದರಾಯಿತು.