ತೊಳೆದ ಕ್ಯಾನ್ ಶುದ್ಧವಾಯಿತೇ?

ಫಳಫಳ ಹೊಳೆಯುವ ಕ್ಯಾನಿನಲ್ಲಿ ತಂದ ಹಾಲೂ ಬೇಸಿಗೆಯಲ್ಲಿ ಸಂಘ ಸೇರುವಷ್ಟರಲ್ಲಿ ಹುಳಿಯಾಗುವುದುಂಟು. "ಚೆನ್ನಾಗಿ ತೊಳೆದಿದ್ದೆನಲ್ಲ" ಎಂದು ನೀವು ಹೇಳುವುದು ಸುಳ್ಳಲ್ಲ. ಕೊಳೆ ಹೋಗಿದೆ, ಸೂಕ್ಷ್ಮಾಣು ಉಳಿದಿವೆ. ಆ ಹಾಲು ಸಂಘದ ಕ್ಯಾನಿಗೆ ಬಿದ್ದರೆ ಉಳಿದವರ ಹಾಲೂ ಕೆಡುತ್ತದೆ.

ತೊಳೆಯುವುದು, ಸ್ಯಾನಿಟೈಸ್ ಮಾಡುವುದು, ಸೋಂಕು ನಿವಾರಿಸುವುದು ಮೂರೂ ಬೇರೆ ಬೇರೆ ಕೆಲಸ.

ತೊಳೆಯುವುದೆಂದರೆ ಜಿಡ್ಡು, ಕೊಳೆ, ಹಾಲಿನಂಶ ತೆಗೆಯುವುದು. ಹಾಲು ಸುರಿದ ಕೂಡಲೇ ತಣ್ಣೀರಿನಲ್ಲೋ ಉಗುರುಬೆಚ್ಚಗಿನ ನೀರಿನಲ್ಲೋ ಜಾಲಿಸಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಪ್ರೋಟೀನ್ ಪಾತ್ರೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ಸೋಪು, ಬ್ರಷ್. ಕ್ಯಾನಿನ ಕುತ್ತಿಗೆ, ಮುಚ್ಚಳದ ಒಳಸುತ್ತು, ರಬ್ಬರ್ ಇವನ್ನು ಬಿಡಬೇಡಿ. ಕೊಳೆ ಕೂರುವುದೇ ಅಲ್ಲಿ. ಮಣ್ಣು ಹಾಕಿ ಉಜ್ಜುವುದು ಬೇಡ. ಗೀರು ಬಿದ್ದಲ್ಲಿ ಹಾಲು ಉಳಿದುಬಿಡುತ್ತದೆ.

ಸ್ಯಾನಿಟೈಸ್ ಮಾಡುವುದು ಇದರ ನಂತರದ ಕೆಲಸ: ಉಳಿದ ಸೂಕ್ಷ್ಮಾಣುಗಳನ್ನು ಅಪಾಯವಿಲ್ಲದಷ್ಟಕ್ಕೆ ಇಳಿಸುವುದು. ಹಾಲಿನ ಪಾತ್ರೆ, ಸೋಸುವ ಬಟ್ಟೆ, ಚಾಕು, ಅಡುಗೆ ಕಟ್ಟೆಗೆ ಇಷ್ಟು ಸಾಕು. ಕ್ಯಾನಿಗೆ ಕುದಿಯುವ ನೀರು ತುಂಬಿ, ಮುಚ್ಚಿ, 5 ನಿಮಿಷ ಬಿಟ್ಟು ಚೆಲ್ಲಿ. ಸೆರಗಿನಿಂದ ಒರೆಸಬೇಡಿ, ಬೋರಲು ಹಾಕಿ ಒಣಗಿಸಿ. ಸೋಸುವ ಬಟ್ಟೆಯನ್ನು ನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕಿ.

ಸೋಂಕು ನಿವಾರಣೆ ದಿನನಿತ್ಯದ ಕೆಲಸವಲ್ಲ, ರೋಗ ಬಂದಾಗಿನದು. ಹಸು ಕಂದು ಹಾಕಿದರೆ ಬ್ರುಸೆಲ್ಲೋಸಿಸ್ ಇರಬಹುದು. ಅದು ಮನುಷ್ಯರಿಗೂ ಹರಡುತ್ತದೆ. ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬಸುರಿಯರು, ಮಕ್ಕಳು ಹತ್ತಿರ ಬೇಡ, ಪಶುವೈದ್ಯರಿಗೆ ತಿಳಿಸಿ. ನೆಲದ ಸಗಣಿ, ಗಂಜಲ ಪೂರ್ತಿ ತೆಗೆದು ತೊಳೆದ ಮೇಲೆಯೇ ಬ್ಲೀಚಿಂಗ್ ಹಾಕಿ. ಸಗಣಿಯ ಮೇಲೆ ಸುರಿದರೆ ಬ್ಲೀಚಿಂಗ್‌ನ ಶಕ್ತಿ ಸಗಣಿಗೇ ಮುಗಿದುಹೋಗುತ್ತದೆ. ಗಂಜಲದ ಜೊತೆ ಸೇರಿದರೆ ಕಣ್ಣು, ಗಂಟಲು ಉರಿಸುವ ಅನಿಲ ಬರುತ್ತದೆ. 10 ಲೀಟರ್ ನೀರಿಗೆ ಸುಮಾರು 160 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ (30% ಕ್ಲೋರಿನ್ ಇರುವುದು). ದನಗಳನ್ನು ಹೊರಗೆ ಕಟ್ಟಿ, ನೆಲ 15 ನಿಮಿಷ ಒದ್ದೆಯಾಗಿರಲಿ, ಬಳಿಕ ತೊಳೆಯಿರಿ. ಇದಕ್ಕೆ ಆಸಿಡ್, ಟಾಯ್ಲೆಟ್ ಕ್ಲೀನರ್ ಎಂದಿಗೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಕಾಲುಬಾಯಿ ಜ್ವರಕ್ಕೆ ವಾಷಿಂಗ್ ಸೋಡಾ ಸಾಕು: 10 ಲೀಟರ್ ನೀರಿಗೆ 400 ಗ್ರಾಂ. ಅದನ್ನು ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಹಾಕಬೇಡಿ, ಲೋಹವನ್ನೇ ತಿನ್ನುತ್ತದೆ. ಫಿನಾಯಿಲ್ ಡಬ್ಬವಂತೂ ಹಾಲಿನ ಕ್ಯಾನ್ ಇಡುವ ಕೋಣೆಯಲ್ಲೇ ಬೇಡ. ಅದರ ವಾಸನೆ ಹಾಲಿಗೆ ಬಂದರೆ ಸಂಘದಲ್ಲಿ ತೆಗೆದುಕೊಳ್ಳುವುದಿಲ್ಲ.