ಸಂಘ ಬಾಗಿಲು ಹಾಕಿದರೆ ಯಾರಿಗೆ ನಷ್ಟ?



ಕಾಫಿ ಪುಡಿ ಮಾಡುವ ಯಂತ್ರಕ್ಕೆ ಸಾಲ ಎತ್ತುವ ವಿಷಯ ಬರುವ ಮಹಾಸಭೆಯ ಮುಂದಿದೆ. ಅದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ವಿಚಾರ ಮಾಡುವುದು ಒಳ್ಳೆಯದು. ಒಂದು ಸಂಸ್ಥೆ ನಾಳೆ ಬಾಗಿಲು ಹಾಕಿದರೆ ಅದರ ಗಿರಾಕಿಗೆ ಬೇರೆಲ್ಲೂ ಸಿಗದೆ ಹೋಗುವುದು ಏನು? ಪೇಟೆಯಲ್ಲಿ ಆ ಸಂಸ್ಥೆಯ ನಿಜವಾದ ಬೆಲೆ ಅಷ್ಟೇ.

ನಮ್ಮ ಬೆಟ್ಟಗಳಲ್ಲಿ ಹುಟ್ಟಿದ ತುಂಗೆ, ಭದ್ರೆಯರ ನೀರು ಹೋಗಿ ಸೇರುವ ಬಳ್ಳಾರಿ ಸೀಮೆಯನ್ನೇ ನೋಡೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂದ ಮೇಲೆ ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಸಿರುಗುಪ್ಪದ ಸೋನಾ ಮಸೂರಿ ಅಕ್ಕಿಗೆ ಹೆಸರಿದೆ. ಆದರೆ ಆ ಹೆಸರು ಯಾವ ಒಂದು ಗಿರಣಿಯ ಸ್ವತ್ತೂ ಅಲ್ಲ. ತಳಿ ಗಂಗಾವತಿ, ಸಿಂಧನೂರಿನಲ್ಲೂ ಬೆಳೆಯುತ್ತದೆ. ನೀರು ಎಲ್ಲರಿಗೂ ಒಂದೇ. ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರವನ್ನು ಸಾಲ ಸಿಕ್ಕವರೆಲ್ಲ ತರಬಹುದು. ಹಾಗಿದ್ದರೆ ಹೋಟೆಲಿನವರು ಒಂದೇ ಗಿರಣಿಯ ಚೀಲ ಬೇಕೆಂದು ಹಟ ಹಿಡಿಯುವುದೇಕೆ? ಹೊಸ ಅಕ್ಕಿಯ ಅನ್ನ ಮೆತ್ತಗಾಗಿ ಅಂಟುತ್ತದೆ, ಹಳೆಯದು ಉದುರುದುರಾಗುತ್ತದೆ. ತಿಂಗಳುಗಟ್ಟಲೆ ದಾಸ್ತಾನಿಟ್ಟು, ಹೊಸದನ್ನು ಬೆರೆಸದೆ, ಈ ಸಲದ ಚೀಲದಂತೆಯೇ ಮುಂದಿನದನ್ನೂ ಕೊಡುವ ಗಿರಣಿ ಮುಚ್ಚಿದರೆ ಅಡಿಗೆಯವನಿಗೆ ಫಜೀತಿ. ದುಡ್ಡು ಹೂಡಿ ಕಾಯುವ ಈ ಅಭ್ಯಾಸವನ್ನು ಪಕ್ಕದ ಗಿರಣಿ ಒಂದು ದಿನದಲ್ಲಿ ಕಲಿಯಲಾರದು.

ಬಳ್ಳಾರಿ ನಗರದ ಜೀನ್ಸ್ ಕಸುಬು ಇನ್ನೊಂದು ಬಗೆ. ಬಟ್ಟೆ ಹೊರಗಿನಿಂದ ಬರುತ್ತದೆ, ಹೊಲಿಗೆ ಯಂತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಕತ್ತರಿಸುವವರು, ಹೊಲಿಯುವವರು, ಒಗೆದು ಬಣ್ಣ ಇಳಿಸುವವರು ಒಂದೇ ಊರಿನಲ್ಲಿರುವುದೇ ಅಲ್ಲಿನ ಬಲ. ಅದು ಊರಿನ ಬಲ. ತನ್ನದೆಂಬುದು ಬೇರೆ ಇಲ್ಲದ ಘಟಕವನ್ನು ವ್ಯಾಪಾರಿ ಎರಡು ರೂಪಾಯಿಗೆ ಬಿಟ್ಟು ಮುಂದಿನ ಬೀದಿಗೆ ಹೋಗುತ್ತಾನೆ. (ನಮ್ಮ ಸದಸ್ಯರೂ ಅಡಿಕೆ ಮಾರುವಾಗ ಇದನ್ನೇ ಮಾಡುತ್ತಾರೆ, ತಪ್ಪೆನ್ನಲಾಗದು.)

2019ರಲ್ಲಿ ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೂ ಶಿರಸಿ ಅಡಿಕೆಗೂ ಭೌಗೋಳಿಕ ಗುರುತು ದೊರೆಯಿತು. ಸಂತೋಷ, ಅದೂ ಸೀಮೆಗೆ ಸಂದ ಮಾನವೇ. 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೊವನ್ನು ಬೆಳೆಗಾರ ನೆಚ್ಚಿರುವುದು, ಧಾರಣೆ ಬಿದ್ದಾಗಲೂ ಕೊಳ್ಳುವವರೊಬ್ಬರು ಇದ್ದಾರೆಂಬ ಧೈರ್ಯಕ್ಕೆ.

ಕಾಫಿ ಪುಡಿಯ ಅಂಗಡಿಗಳು ಪೇಟೆಯಲ್ಲಿ ಬೇಕಾದಷ್ಟಿವೆ. ನಮ್ಮಲ್ಲಿ ಯಾವ ತೋಟದ ಹಣ್ಣು ಯಾವ ದಿನ ಪಲ್ಪರಿಗೆ ಬಂತೆಂಬ ಲೆಕ್ಕವಿದೆ. ಬೆಟ್ಟೆಗೆ ಗೊರಬಲು ಬೆರೆಯದ ವಿಂಗಡಣೆಯಿದೆ. ಇದಕ್ಕೆ ಹೆಚ್ಚು ಕೊಡುವ ಗಿರಾಕಿ ಇದ್ದಾನೆಯೇ, ನಾವೇ ಮೆಚ್ಚಿಕೊಂಡು ಕೂತಿದ್ದೇವೆಯೇ? ಇರುವ ಗಿರಾಕಿಗಳಲ್ಲಿ ಇಬ್ಬರನ್ನೂ ಬಿಟ್ಟುಹೋದವರಲ್ಲಿ ಇಬ್ಬರನ್ನೂ ಕೇಳಿ ಬರುವಂತೆ ನಿರ್ದೇಶಕರಿಗೆ ಕಾಗದ ಹೋಗಿದೆ. ಅವರ ಉತ್ತರಗಳನ್ನು ಸಭೆಯಲ್ಲಿ ಓದಿದ ನಂತರವೇ ಸಾಲದ ಠರಾವನ್ನು ಮತಕ್ಕೆ ಹಾಕಲಾಗುವುದು.

— ಕಾರ್ಯದರ್ಶಿ